ಕಮಾನು

ಗಾಡಿ ಸುಳ್ಳು ಹೇಳಬಹುದು, ಅದರ ಹೊಟ್ಟೆಯಡಿ ಹೇಳಲ್ಲ.
ಹದಿನೇಳು ವರ್ಷ ಪಿ.ಬಿ. ರಸ್ತೆಯ ಪಕ್ಕ
ರ‍್ಯಾಂಪಿನ ಕೆಳಗೆ, ತಲೆಗೆ ಪ್ಲಾಸ್ಟಿಕ್ ಕವರು ಕಟ್ಟಿ,
ನೀರಿನ ಪೈಪು ಹಿಡಿದು ಕಲಿತದ್ದು ಇಷ್ಟು.

ಹೊನ್ನಾಳಿ ಗದ್ದೆಯ ಕೆಸರು ಕಪ್ಪು, ಕಚ್ಚಿದರೆ ಬಿಡಲ್ಲ.
ಹೊಳಲ್ಕೆರೆ ಕಡೆಯದು ಕೆಂಪು, ಎರಡು ಏಟಿಗೆ ಇಳಿಯುತ್ತೆ.
ಸಿಮೆಂಟು ಹೊತ್ತದ್ದು ಕಣ್ಣಿಗೆ ತಿಳಿಯುತ್ತೆ,
ಕುರಿ ಏರಿಸಿದ್ದು, ಎಷ್ಟೇ ತೊಳೆದು ತಂದಿದ್ದರೂ, ಮೂಗಿಗೆ.

ಮುರಿಗೇಂದ್ರಪ್ಪನವರ ಪಿಕಪ್ಪಿನಲ್ಲಿ ಮಾತ್ರ
ಓದುವುದಕ್ಕೆ ಏನೂ ಇಲ್ಲ.
ಬಿಳೀ ಗಾಡಿ. ಬಾನೆಟ್ಟು ನನ್ನ ಎದೆಮಟ್ಟ;
ನಮ್ಮ ಹುಡುಗ ಬಾಬುಜಾನ್ ಒರೆಸಲು ಸ್ಟೂಲು ಹಾಕಬೇಕು.
ವಿದ್ಯಾನಗರದ ಅವರ ಗೇಟಿನೊಳಗೆ ಹಿಡಿಸದೆ
ರಾತ್ರಿಯೆಲ್ಲ ಬಾಲ ಬೀದಿಗೆ ಬಿಟ್ಟುಕೊಂಡೇ ಮಲಗುತ್ತಂತೆ.
ಹಿಂದಿನ ತೊಟ್ಟಿಗೆ ಒಂದು ಟನ್ನಿನ ತಾಕತ್ತು;
ಎರಡು ವರ್ಷದಲ್ಲಿ ಅದು ಹೊತ್ತದ್ದು
ಒಂದು ನೀಲಿ ಟಾರ್ಪಾಲು, ಮಡಿಚಿದ ಹಾಗೆಯೇ.

ಅವರದು ಚೀಟಿ ವ್ಯವಹಾರ. ಕಾಗದ ಎಷ್ಟು ಭಾರ ಇದ್ದೀತು?

ಒಮ್ಮೆ ಕೇಳಿಯೇಬಿಟ್ಟೆ, ಯಾಕ್ ಸಾರ್ ಇಷ್ಟು ದೊಡ್ಡದು.
"ಬೇಕಾಗ್ತದೆ ಚಮನ್, ಯಾವಾಗ್ಲಾದ್ರೂ ಬೇಕಾಗ್ತದೆ."
ನಮ್ಮಮ್ಮ ಅಟ್ಟದ ಮೇಲಿನ ಹಂಡೆಗೆ ಇದನ್ನೇ ಹೇಳುತ್ತಿದ್ದಳು.
ನಾನು ನಗಲಿಲ್ಲ.

ನಗು ಬಂದದ್ದು ಶ್ರಾವಣದಲ್ಲಿ.
ಕೊಂಡಜ್ಜಿ ಕಡೆ ಹೋಗಿ, ಬಾಗಿಲವರೆಗೂ ಸಿಡಿಸಿಕೊಂಡು ಬಂದು,
"ಪೂರ್ತಿ ತೊಳೀಬೇಡ, ಚಕ್ರದ ಮೇಲಿಂದು ಹಂಗೇ ಇರ್ಲಿ" ಅಂದರು.
ದುಡ್ಡು ಪೂರ್ತಿ ಕೊಟ್ಟರು.
ಆ ಕೆಸರು ಒಂದು ವಾರ
ಕೋರ್ಟು, ಬ್ಯಾಂಕು, ಬೆಣ್ಣೆದೋಸೆ ಹೋಟೆಲು
ಎಲ್ಲ ಕಡೆ ಹೋಗಿ ನಿಂತು ಬಂತು.

ಆದರೆ ಸೊಸೈಟಿ ಬ್ಯಾಂಕಿನ ವಾಚ್‌ಮನ್ನು,
ನನ್ನ ಮೊಪೆಡ್ಡಿಗೆ ನೆರಳಲ್ಲಿ ಜಾಗ ಕೊಡದವನು,
ಆ ಗಾಡಿಗೆ ತನ್ನ ಕುರ್ಚಿ ಎಳೆದು ದಾರಿ ಬಿಟ್ಟದ್ದು ಕಂಡೆ.
ಅದೂ ಒಂದು ಲೋಡೇ ಇರಬೇಕು,
ತೊಟ್ಟಿಯಲ್ಲಿ ಕಾಣದ್ದು.

ಹೋದ ಗುರುವಾರ ಮಧ್ಯಾಹ್ನ
ಮಂಡಕ್ಕಿ ಭಟ್ಟಿಯ ನೂರುನ್ನೀಸಕ್ಕನ ಲಗೇಜ್ ಆಟೋ
ನಮ್ಮ ಮುಂದೆಯೇ ಆಕ್ಸಲ್ ಮುರಿದು ಕುಂತಿತು.
ಇಪ್ಪತ್ತಾರು ಚೀಲ. ನಾಲ್ಕು ಗಂಟೆ ದಾಟಿದರೆ
ಹರಿಹರದ ಅಂಗಡಿಯವನು ಬೇರೆಯವರ ಮಾಲು ಇಳಿಸಿಕೊಳ್ಳುತ್ತಾನೆ.
ತೊಳೆದು ಒಣಗಿದ ಬಿಳೀ ಗಾಡಿ ನೆರಳಲ್ಲಿತ್ತು.
ಕೀಲಿ ನನ್ನ ಜೇಬಲ್ಲಿತ್ತು.
ಯಾವಾಗ್ಲಾದ್ರೂ ಬೇಕಾಗ್ತದೆ.

ಚೀಲದ ಮೇಲೆ ಚೀಲ, ಕ್ಯಾಬಿನ್ನಿನ ಮೇಲೆ ಆಳೆತ್ತರ,
ನೀಲಿ ಟಾರ್ಪಾಲು ಮೊದಲ ಸಲ ಮಡಿಕೆ ಬಿಚ್ಚಿತು.
ಜನ ನಿಂತು ನೋಡಿದರು: ಏನ್ ಲೋಡಪ್ಪಾ!
ನಾನು ಅಭ್ಯಾಸಬಲದಿಂದ ಬಗ್ಗಿ ಹಿಂದಿನ ಕಮಾನು ನೋಡಿದೆ.
ಒಂದು ಬೆರಳೂ ಇಳಿದಿರಲಿಲ್ಲ.
ಬೆಟ್ಟದಷ್ಟು ಮಂಡಕ್ಕಿ ಬೆನ್ನೇರಿದ್ದು
ಗಾಡಿಗೆ ಗೊತ್ತೇ ಆಗಿರಲಿಲ್ಲ.

ಮುಂದಿನ ಸೀಟಿನಲ್ಲಿ ನೂರುನ್ನೀಸಕ್ಕ,
ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು.
ಬಾತಿ ದಾಟುವವರೆಗೆ ಮಾತಿಲ್ಲ.
ಆಮೇಲೆ, "ಇಲ್ಲಿಂದ ಎಲ್ರ ಬೋಳುತಲೆ ಕಾಣ್ತದಲ್ಲೋ!"
ಕನ್ನಡಿ ತನ್ನ ಕಡೆ ತಿರುಗಿಸಿ ಸೆರಗು ಸರಿಮಾಡಿಕೊಂಡಳು.
ಹರಿಹರದವನು ಅವತ್ತು ಚೌಕಾಸಿ ಮಾಡಲಿಲ್ಲ.
ಟೀ ತರಿಸಿದ.

ವಾಪಸು ಬಂದು ಮತ್ತೆ ತೊಳೆದೆ. ತೊಟ್ಟಿಯ ಮೂಲೆಯಲ್ಲಿ
ಉಳಿದಿದ್ದ ಒಂದೇ ಒಂದು ಕಾಳು ಬಾಯಿಗೆ ಹಾಕಿಕೊಂಡೆ.
ಹಗ್ಗ ಉಜ್ಜಿದ ಗೀರು ಮಾತ್ರ ಉಳಿಯಿತು.

ಸಂಜೆ ಮುರಿಗೇಂದ್ರಪ್ಪ ಅದರ ಮೇಲೇ ಬೆರಳಿಟ್ಟರು.
"ಲೋಡ್ ಹಾಕಿದ್ಯಾ?"
"ಹೂಂ ಸಾರ್."
ಕೆಲಸ ಹೋಯಿತು, ಗಿರಾಕಿ ಹೋಯಿತು ಅಂದುಕೊಂಡೆ.
ಅವರು ದನಿ ತಗ್ಗಿಸಿ, ಶಾಲೆಯ ಬಾಗಿಲಲ್ಲಿ ನಿಂತು
ಮಗನ ಮಾರ್ಕ್ಸು ಕೇಳುವ ಅಪ್ಪನ ಹಾಗೆ ಕೇಳಿದರು:
"ಎಳೀತಾ?"

"ಆರಾಮಾಗಿ ಸಾರ್. ಕಮಾನು ಒಂದು ಬೆರಳೂ ಇಳೀಲಿಲ್ಲ."

ಏನು ಲೋಡು ಅಂತ ಅವರು ಕೇಳಲಿಲ್ಲ.
ಗೀರಿಗೆ ಬಣ್ಣ ಹಾಕಿಸಲಾ ಅಂದೆ.
"ಬೇಡ," ಅಂದರು, ಬೆರಳು ಇನ್ನೂ ಅಲ್ಲೇ ಇತ್ತು,
"ಇರ್ಲಿ ಬಿಡು."